ಟ್ರ್ಯಾಕ್ ಹಾಡಿದವಳು

ರೇಜಿಸ್ ವೋಕೂರ್ ನನ್ನನ್ನು ಗುರುತಿಸಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವನು ಗುರುತಿಸಿ, ಒಂದೇ ಒಂದು ಸಲ ತಲೆ ತಗ್ಗಿಸಿ, ಅವತ್ತು ತಪ್ಪಾಯಿತು ಆರ್ಮೆಲ್ ಎಂದಿದ್ದರೆ ನಾನು ಬಹುಶಃ ನನ್ನ ಪಾಡಿಗೆ ಹಾಡಿ, ಕೋಟು ಹಾಕಿಕೊಂಡು, ಮೆಟ್ರೋ ಹತ್ತಿ ಮನೆಗೆ ಹೋಗುತ್ತಿದ್ದೆ. ಅವನು ಮೋಂತ್ರೇಯ್ ಸ್ಟುಡಿಯೋದ ಬಾಗಿಲಲ್ಲಿ ನಿಂತು, ನನ್ನ ಎರಡೂ ಕೆನ್ನೆಗೆ ಕೆನ್ನೆ ತಾಗಿಸಿ, "ಬನ್ನಿ ಚಿನ್ನ, ಕಾಫಿ ಅಲ್ಲಿದೆ" ಎಂದ. ಅವನಿಗೆ ಎಲ್ಲ ಹೆಂಗಸರೂ ಚಿನ್ನವೇ. ಹೆಸರು ನೆನಪಿಟ್ಟುಕೊಳ್ಳುವ ಕಷ್ಟ ತಪ್ಪುತ್ತದೆ.

ಮೂವತ್ತೆರಡು ವರ್ಷದ ಹಿಂದೆ, ನನಗೆ ಇಪ್ಪತ್ತೊಂದು ತುಂಬಿದಾಗ, ದುಆರ್ನನೇ ಬಂದರಿನಿಂದ ಒಂದು ಸೂಟ್‌ಕೇಸ್ ಹಿಡಿದು ಪ್ಯಾರಿಸ್‌ಗೆ ಬಂದಿದ್ದೆ. ಆಗ ರೇಜಿಸ್ ನಲವತ್ತರ ಹತ್ತಿರದ ನಿರ್ಮಾಪಕ. ಅವನು ಮುಟ್ಟಿದ ಹಾಡೆಲ್ಲ ರೇಡಿಯೋದಲ್ಲಿ ಓಡುತ್ತಿದ್ದ ಕಾಲ. ನನ್ನಿಂದ ಹತ್ತು ಹಾಡಿನ ಟ್ರ್ಯಾಕ್ ಹಾಡಿಸಿದ. ಟ್ರ್ಯಾಕ್ ಎಂದರೆ ಗೊತ್ತಲ್ಲ, ದೊಡ್ಡ ಗಾಯಕಿ ಬಂದು ಕೇಳಿ ಕಲಿಯಲಿ ಎಂದು ನಮ್ಮಂಥವರು ಮೊದಲು ಹಾಡಿಡುವುದು. ಅವಳು ಕಲಿತು ಹಾಡಿದ ಮೇಲೆ ನಮ್ಮದನ್ನು ಅಳಿಸುತ್ತಾರೆ. ಚೆನ್ನಾಗಿ ಬಂದರೆ ಇದು ನಿನ್ನದೇ ಆಲ್ಬಂ ಆಗಬಹುದು, ನೋಡೋಣ ಎಂದೂ ಹೇಳಿದ್ದ. ನಾನು ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದ್ದೆ.

ಕೊನೆಯ ದಿನ ಹಾಜರಿ ಹಾಳೆ ತಂದ. ನಮ್ಮ ಕಸುಬಿನಲ್ಲಿ ಮೈಕಿನ ಮುಂದೆ ಬಾಯಿ ತೆರೆದವರು ಯಾರೂ ಆ ಹಾಳೆಗೆ ಸಹಿ ಹಾಕದೆ ಹೊರಗೆ ಹೋಗುವಂತಿಲ್ಲ. ಹೆಸರು, ತಾರೀಖು, ಯಾವ ಹಾಡು, ಏನು ಮಾಡಿದಿರಿ, ಎಲ್ಲವನ್ನೂ ಸ್ವಂತ ಕೈಯಲ್ಲಿ ಬರೆಯಬೇಕು. ಅಲ್ಲಿ ಏನು ಬರೆದಿದ್ದೀರೋ ಕಾನೂನಿನ ಕಣ್ಣಲ್ಲಿ ನೀವು ಅಷ್ಟೇ. ಕೋರಸ್ ಅಂತ ಬರಿ ಚಿನ್ನ, ಇದೆಲ್ಲ ಬರೀ ಶಾಸ್ತ್ರಕ್ಕೆ ಎಂದ. ನಾನು ಹತ್ತು ಸಲ ಕೋರಸ್ ಎಂದು ಬರೆದೆ. ದುಂಡಗಿನ ಅಕ್ಷರದಲ್ಲಿ, ಶಾಲೆಯಲ್ಲಿ ಕಾಪಿ ಬರೆಯುವ ಹಾಗೆ ಬರೆದೆ. ಇವತ್ತಿಗೂ ಅದನ್ನು ನೆನೆದರೆ ನನ್ನ ಕೈಯನ್ನೇ ಕಚ್ಚಿಕೊಳ್ಳಬೇಕು ಅನಿಸುತ್ತದೆ.

ನಾಲ್ಕು ತಿಂಗಳ ಮೇಲೆ ಆಲ್ಬಂ ಬಂತು. ಮೇಲಿನ ಮುಖ ಸಿಬಿಲ್ ಎಂಬ ಚೆಂದದ ಹುಡುಗಿಯದು, ಒಳಗಿನ ಗಂಟಲು ಪೂರ್ತಿ ನನ್ನದು. ಅದರಲ್ಲಿನ ಕೆಂಪು ದೋಣಿಯ ಹಾಡಿಗೆ ಈಗಲೂ ಮದುವೆ ಮನೆಗಳಲ್ಲಿ ಅತ್ತೆಯಂದಿರು ಕುಣಿಯುತ್ತಾರೆ. ವಕೀಲರ ಹತ್ತಿರ ಹೋದೆ. ಅವರು ಹಾಳೆ ನೋಡಿ, ನೀವೇ ಬರೆದುಕೊಟ್ಟಿದ್ದೀರಲ್ಲ ಎಂದು ವಾಪಸ್ ಕೊಟ್ಟರು.

ನನ್ನದು ಹೋಗಲಿ. ಅಮ್ಮ ಊರಿನಲ್ಲಿ ಬೂತಾಯಿ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿದ್ದಳು. ಕೆಲಸದ ಮೇಜಿನ ಮೇಲೆ ಇಡೀ ದಿನ ರೇಡಿಯೋ ಹಾಡುತ್ತಿತ್ತು. ಆ ಹಾಡು ಬಂದ ದಿನ ಕತ್ತರಿ ಕೆಳಗಿಟ್ಟು, ಇದು ನನ್ನ ಆರ್ಮೆಲ್ ಎಂದಳಂತೆ. ಹೆಂಗಸರು ನಕ್ಕರು. ಅಮ್ಮ ಹಟ ಬಿಡಲಿಲ್ಲ. ಸುದ್ದಿ ಊರ ಪತ್ರಿಕೆಗೆ ಹೋಯಿತು, ಪತ್ರಿಕೆಯವನು ರೇಜಿಸ್‌ಗೆ ಫೋನ್ ಮಾಡಿದ. ಕೋರಸ್ ಹುಡುಗಿಯರೆಲ್ಲ ತಾವೇ ರಾಣಿ ಅಂದುಕೊಳ್ಳುತ್ತಾರೆ, ಅವರ ಅಮ್ಮಂದಿರು ಇನ್ನೂ ಒಂದು ಕೈ ಮೇಲೆ ಎಂದು ಅವನು ಹೇಳಿದ್ದು ಅಚ್ಚಾಯಿತು. ಕಾರ್ಖಾನೆಯ ಊಟದ ಕೋಣೆಯ ಗೋಡೆಗೆ ಯಾರೋ ಆ ಸುದ್ದಿಯನ್ನು ಕತ್ತರಿಸಿ ಅಂಟಿಸಿದರು. ಅಂದಿನಿಂದ ನಿವೃತ್ತಿಯಾಗುವವರೆಗೆ, ಹನ್ನೊಂದು ವರ್ಷ, ಅಮ್ಮ ಮಧ್ಯಾಹ್ನದ ಊಟವನ್ನು ಸೈಕಲ್ ನಿಲ್ಲಿಸುವ ಶೆಡ್ಡಿನಲ್ಲಿ ಒಬ್ಬಳೇ ಕೂತು ಮಾಡಿದಳು. ಸತ್ತಾಗಲೂ ಊರಿನ ಬಾಯಲ್ಲಿ ಅವಳು ಸುಳ್ಳುಗಾತಿಯೇ.

ಈಗ ರೇಜಿಸ್‌ಗೆ ಎಪ್ಪತ್ತು ದಾಟಿದೆ. ಹತ್ತು ವರ್ಷದಿಂದ ಅವನ ಕೈಯಲ್ಲಿ ಒಂದು ಹಾಡೂ ಓಡಿರಲಿಲ್ಲ. ಅಷ್ಟರಲ್ಲಿ ರೆಕಾರ್ಡ್ ಕಂಪನಿಯವರು ಪೆರಿನ್ ದಾಲ್ವಾಂಳನ್ನು ತಂದು ಅವನ ಮಡಿಲಿಗೆ ಹಾಕಿದರು. ಹತ್ತೊಂಬತ್ತು ವರ್ಷದ ಹುಡುಗಿ, ಉತ್ತರದ ರೂಬೇ ಊರಿನವಳು. ಸರ್ಕಾರಿ ವಸತಿ ಕಟ್ಟಡದ ಒಂಬತ್ತನೇ ಮಹಡಿಯಲ್ಲಿ, ತನ್ನ ಮಲಗುವ ಕೋಣೆಯಲ್ಲಿ, ಬಟ್ಟೆ ಕಪಾಟಿನೊಳಗೆ ತಲೆ ತೂರಿಸಿ ಮೊಬೈಲಿನಲ್ಲಿ ಹಾಡು ಹಾಡಿ ಹಾಕಿದ್ದಳು. ಕೆಟ್ಟುನಿಂತ ಲಿಫ್ಟು, ರಾತ್ರಿ ಪಾಳಿಯ ಅಪ್ಪ, ಕೈಕೊಟ್ಟ ಹುಡುಗ, ಅವನ ಹೊಸ ಸ್ಕೂಟರಿಗೆ ಇವಳು ಕೊಟ್ಟ ಶಾಪ. ಪದ ಅವಳದೇ, ರಾಗ ಅವಳದೇ. ದನಿ ತಗ್ಗಿನದು, ಒರಟು. ಕೇಳಿದರೆ ಪಕ್ಕದಲ್ಲೇ ಕೂತು ಜಗಳಕ್ಕೆ ಬಂದಳೇನೋ ಅನಿಸುತ್ತಿತ್ತು. ಲಕ್ಷಗಟ್ಟಲೆ ಜನ ಕೇಳಿದ್ದರು. ಆಲ್ಬಂ ಹೆಸರು 'ಒಂಬತ್ತನೇ ಮಹಡಿ' ಎಂದೂ, ಸೆಪ್ಟೆಂಬರಿನ ಮೂರನೇ ಶುಕ್ರವಾರ ಬಿಡುಗಡೆ ಎಂದೂ ಪೋಸ್ಟರ್ ಅಂಟಿಸಿ ಆಗಿತ್ತು.

ನನ್ನನ್ನು ಕರೆದದ್ದು ವಾದ್ಯಗಳ ಜೊತೆ ಹಾಡಿ ಅಭ್ಯಾಸವಿಲ್ಲದ ಅವಳಿಗೆ ಟ್ರ್ಯಾಕ್ ಹಾಡಿಡಲು, ಜೊತೆಗೆ ಸ್ವಲ್ಪ ಗಂಟಲು ತಿದ್ದಲು. ಒಪ್ಪಿಕೊಂಡಾಗಲೇ ನನ್ನ ಲೆಕ್ಕಾಚಾರ ಸ್ಪಷ್ಟವಿತ್ತು. ಕಳ್ಳ ಮುದುಕನಾದರೂ ಕೈಚಳಕ ಮರೆಯುವುದಿಲ್ಲ. ಅವನ ಮುಂದೆ ಅದೇ ಆಸೆಯನ್ನು ಇನ್ನೊಂದು ಸಲ ಇಟ್ಟರೆ ಅದೇ ಕಳ್ಳತನ ಮಾಡುತ್ತಾನೆ, ಈ ಸಲ ನಾನು ಕಣ್ಣು ಬಿಟ್ಟುಕೊಂಡಿರುತ್ತೇನೆ. ಎಲ್ಲರ ಎದುರು ಅವನ ಮಾನ ತೆಗೆಯಬೇಕು, ಅದು ನನ್ನ ಹೆಸರು ಹೇಳಿಯೇ ಆಗಬೇಕು. ನನಗೆ ಬೇಕಾದದ್ದು ಇಷ್ಟೇ. ಹುಡುಗಿಯ ಆಲ್ಬಂ ಅದರಲ್ಲಿ ಸುಟ್ಟುಹೋಗಬಹುದು ಎಂಬುದು ನನಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ನಾಟಕ ಆಡುವುದಿಲ್ಲ.

ಮೊದಲ ದಿನ ರೈಲು ಮುಷ್ಕರ. ರೂಬೇಯಿಂದ ಪೆರಿನ್ ಹೊರಡಲಾಗಲಿಲ್ಲ. ಹಾಡಿನ ಶ್ರುತಿ ಗಟ್ಟಿ ಮಾಡುವ ದಿನ ಹಾಡುವವಳೇ ಎದುರಿಗಿರಬೇಕು, ಅವಳ ಗಂಟಲು ನೋಡಿ ಇಡಬೇಕು. ಅಡುಗೆಗೆ ಉಪ್ಪು ಹಾಕುವಷ್ಟು ಸಾಮಾನ್ಯ ವಿಷಯ ಇದು. ಆದರೆ ವಾದ್ಯದವರು ಬಂದು ಕೂತಿದ್ದರು. ರೇಜಿಸ್ ಗಡಿಯಾರ ನೋಡಿ, ನೀವೇ ಎಲ್ಲಿ ಅನುಕೂಲವೋ ಅಲ್ಲಿ ಇಡಿ ಚಿನ್ನ ಎಂದ. ನಾನು ಹುಡುಗಿಯ ಹಾಡುಗಳನ್ನು ಮನೆಯಲ್ಲಿ ನೂರು ಸಲ ಕೇಳಿದ್ದೆ, ಅವಳ ದನಿ ಎಲ್ಲಿ ಕೂರುತ್ತದೆಂದು ಚೆನ್ನಾಗಿ ಗೊತ್ತಿತ್ತು. ಹನ್ನೊಂದು ಹಾಡಿನ ಶ್ರುತಿಯನ್ನೂ ಅಲ್ಲಿಂದ ಎರಡೂವರೆ ಮನೆ ಮೇಲಕ್ಕೆ ಏರಿಸಿದೆ. ಅದು ನನ್ನ ಗಂಟಲಿನ ಜಾಗ.

ಧ್ವನಿ ಎಂಜಿನಿಯರ್ ಬಸ್ತ್ಯಾಂ ಗಾಜಿನಾಚೆಯಿಂದ ಹುಬ್ಬೇರಿಸಿ, ಹುಡುಗಿ ಹಾಡುವುದು ಇದಕ್ಕಿಂತ ಕೆಳಗಲ್ಲವೇ ಎಂದ. ಗೊತ್ತು, ಇದೇ ಇರಲಿ ಎಂದೆ. ನಾನು ಹಾಡಿದೆ. ಐವತ್ತಮೂರಕ್ಕೆ ಇಪ್ಪತ್ತೊಂದರ ದನಿ ಇಟ್ಟುಕೊಂಡಿರುವುದು ಸುಮ್ಮನೆ ಆಗುವುದಿಲ್ಲ. ಸಿಗರೇಟಿಲ್ಲ, ಕೂಗಾಟವಿಲ್ಲ, ದಿನಕ್ಕೆರಡು ಗಂಟೆ ಸಾಧನೆ. ಹಾಡು ಮುಗಿದಾಗ ರೇಜಿಸ್ ಕುರ್ಚಿಯ ತುದಿಗೆ ಬಂದು ಕೂತಿದ್ದ. ಅವನ ಮುಖದ ಆ ಹಸಿವನ್ನು ನಾನು ಹಿಂದೆಯೂ ನೋಡಿದ್ದೆ.

ಎರಡು ದಿನ ಬಿಟ್ಟು ಪೆರಿನ್ ಬಂದಳು. ಸಣಕಲು ಹುಡುಗಿ, ಅಪ್ಪನದ್ದಿರಬೇಕು ಅನಿಸುವ ದೊಡ್ಡ ಜಾಕೆಟ್ಟು, ಕೈಯಲ್ಲಿ ಊರಿನ ಸಕ್ಕರೆ ಹೂರಣದ ಗೋಫ್ರ್ ಬಿಸ್ಕತ್ತಿನ ಡಬ್ಬಿ. ಎಲ್ಲರಿಗೂ ಹಂಚಿದಳು. ರೇಜಿಸ್‌ನನ್ನು ಮೊದಲ ಗಳಿಗೆಯಿಂದಲೇ ಏಕವಚನದಲ್ಲಿ ಮಾತಾಡಿಸಿದಳು, ನಮ್ಮ ಕಸುಬಿನಲ್ಲಿ ಈಗಿನ ಹುಡುಗರೆಲ್ಲ ಹಾಗೆಯೇ. ನನ್ನನ್ನು ಮಾತ್ರ ಆರ್ಮೆಲ್ ಮೇಡಂ ಎಂದಳು. ಟ್ರ್ಯಾಕ್ ಕೇಳಿಸಿದಾಗ ಅವಳ ಬಾಯಿ ತೆರೆದೇ ಇತ್ತು. ನಾನು ಬರೆದದ್ದು ಇಷ್ಟು ಚೆನ್ನಾಗಿದೆ ಅಂತ ನಂಗೇ ಗೊತ್ತಿರಲಿಲ್ಲ ಎಂದಳು. ಆಮೇಲೆ ಮೈಕಿನ ಮುಂದೆ ನಿಂತಳು. ಎರಡನೇ ಸಾಲಿನಲ್ಲೇ ದನಿ ಒಡೆಯಿತು.

ಐದು ವಾರ ಹಾಗೇ ನಡೆಯಿತು. ಮಧ್ಯಾಹ್ನ ಎರಡಕ್ಕೆ ಬರುತ್ತಿದ್ದಳು, ಆರಕ್ಕೆ ಕೆಂಪಗಾದ ಕಣ್ಣು ಒರೆಸಿಕೊಳ್ಳುತ್ತಾ ಹೋಗುತ್ತಿದ್ದಳು. ತಗ್ಗಿನಲ್ಲಿ ಶುರುವಾಗುವ ನಾಲ್ಕು ಹಾಡು ಹೇಗೋ ದಾಟಿದಳು. ಉಳಿದ ಏಳರಲ್ಲಿ ಪಲ್ಲವಿ ಬಂದರೆ ಸಾಕು ಗೋಡೆಗೆ ಹೊಡೆದಂತೆ ನಿಲ್ಲುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಬೆನ್ನು ಸವರುತ್ತಿದ್ದೆ. ಒಂದು ದಿನ ಅಂಜುತ್ತಾ ಕೇಳಿದಳು.

"ಮೇಡಂ, ಒಂಚೂರು ಕೆಳಗೆ ಇಳಿಸಿದ್ರೆ ಆಗಲ್ವಾ? ಮನೇಲಿ ಹಾಡುವಾಗ ಇಷ್ಟು ಕಷ್ಟ ಆಗ್ತಿರ್ಲಿಲ್ಲ."

"ಮನೇಲಿ ಬಟ್ಟೆ ಕಪಾಟಿಗೆ ಹಾಡ್ತಿದ್ದೆ, ಪುಟ್ಟಿ. ಇಳಿಸಿದ್ರೆ ಹಾಡು ಸತ್ತೋಗುತ್ತೆ. ನಿನ್ನ ಗಂಟಲು ಇನ್ನೂ ತೆರ್ಕೊಂಡಿಲ್ಲ ಅಷ್ಟೇ. ಇನ್ನೊಂದು ಸಲ ಹಾಡು."

ನಂಬಿದಳು. ನನ್ನ ಹೆಗಲಿಗೆ ತಲೆ ಇಟ್ಟು ಸ್ವಲ್ಪ ಹೊತ್ತು ಕೂತು, ಎದ್ದುಹೋಗಿ ಇನ್ನೊಂದು ಸಲ ಹಾಡಿದಳು. ಶ್ರುತಿ ಇಳಿಸು ಎಂದು ಬಸ್ತ್ಯಾಂಗೆ ಹೇಳಿಬಿಡೋಣ ಅನಿಸಿತು. ಸೈಕಲ್ ಶೆಡ್ಡಿನಲ್ಲಿ ಮೊಣಕಾಲ ಮೇಲೆ ಡಬ್ಬಿ ಇಟ್ಟುಕೊಂಡು ಉಣ್ಣುವ ಅಮ್ಮನನ್ನು ನೆನಪಿಸಿಕೊಂಡೆ. ಹೇಳಲಿಲ್ಲ.

ಆಗಸ್ಟ್ ಕೊನೆಗೆ ವೈದ್ಯರು ಪೆರಿನ್‌ಳ ಗಂಟಲು ನೋಡಿ, ಧ್ವನಿತಂತು ಊದಿಕೊಂಡಿದೆ, ಎರಡು ವಾರ ಪಿಟ್ ಅನ್ನಬಾರದು ಎಂದರು. ಅವಳನ್ನು ರೂಬೇಗೆ ಕಳಿಸಿದರು. ಮರುದಿನ ರೇಜಿಸ್ ನನ್ನನ್ನು ಊಟಕ್ಕೆ ಕರೆದ. ಮಸ್ಸೆಲ್ ಚಿಪ್ಪುಮೀನು ತರಿಸಿ, ಬಿಳಿ ವೈನ್ ಸುರಿದು, ನನಗೆ ಬೆಣ್ಣೆ ಹಚ್ಚತೊಡಗಿದ. ಹುಡುಗಿ ಒಳ್ಳೆಯವಳು, ಗಂಟಲು ಸಾಲದು. ನಿಮ್ಮ ಟ್ರ್ಯಾಕನ್ನು ಅಲ್ಲಲ್ಲಿ ಅವಳ ದನಿಯ ಅಡಿಗೆ ಸೇರಿಸೋಣ, ಯಾರಿಗೂ ತಿಳಿಯುವುದಿಲ್ಲ ಎಂದ. ಅಲ್ಲಲ್ಲಿ ಎಂದರೆ ಏಳು ಹಾಡು ಪೂರ್ತಿ. ನಾನು ಸ್ವಲ್ಪ ಬಿಂಕ ಮಾಡಿ ಒಪ್ಪಿದೆ.

ಸ್ಟುಡಿಯೋಗೆ ಮರಳಿ ಹಾಜರಿ ಹಾಳೆ ನನ್ನ ಮುಂದೆ ಇಟ್ಟ. ಮೂರು ಪ್ರತಿ: ನಿರ್ಮಾಪಕನಿಗೊಂದು, ಕಲಾವಿದರ ಸಂಘಕ್ಕೊಂದು, ನನಗೊಂದು. "ಕೋರಸ್ ಅಂತ ಬರೀರಿ ಚಿನ್ನ. ಇದೆಲ್ಲ ಬರೀ ಶಾಸ್ತ್ರಕ್ಕೆ."

ಅದೇ ಮಾತು. ಅಕ್ಷರ ಆಚೀಚೆ ಆಗಿರಲಿಲ್ಲ. ಏಳು ಹಾಡಿನ ಮುಂದೆಯೂ 'ಮುಖ್ಯ ಗಾಯಕಿ, ಪೂರ್ತಿ ಹಾಡು' ಎಂದು ಬರೆದೆ. ರೇಜಿಸ್ ಫೋನಿನಲ್ಲಿ ಯಾರ ಜೊತೆಗೋ ನಗುತ್ತಾ ಮೂರಕ್ಕೂ ಸಹಿ ಗೀಚಿದ. ಓದಲಿಲ್ಲ. ಕೋರಸ್ ಹೆಂಗಸರು ಬರೆದದ್ದನ್ನು ಅವನು ಜೀವಮಾನದಲ್ಲಿ ಓದಿದವನಲ್ಲ. ನನ್ನ ಪ್ರತಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ. ಹೊರಡುವಾಗ ಬಸ್ತ್ಯಾಂ ಮೆಲ್ಲಗೆ, ಹುಡುಗಿಗೆ ಹೇಳಿದ್ದೀರಾ ಎಂದು ಕೇಳಿದ. ಅದು ನಿರ್ಮಾಪಕನ ಕೆಲಸ ಎಂದೆ.

ಬಿಡುಗಡೆಗೆ ಹತ್ತು ದಿನ ಮೊದಲು ಕಂಪನಿಯ ಸಭಾಂಗಣದಲ್ಲಿ ಪತ್ರಿಕೆಯವರಿಗೆ, ರೇಡಿಯೋದವರಿಗೆ ಆಲ್ಬಂ ಕೇಳಿಸುವ ಕಾರ್ಯಕ್ರಮ. ಬೆಳಗ್ಗೆ ಹನ್ನೊಂದು ಗಂಟೆ, ಕಾಫಿ, ಕ್ರೋಸಾಂ, ಮೂವತ್ತು ಕುರ್ಚಿ. ಪೆರಿನ್ ಮೊದಲ ಸಾಲಿನಲ್ಲಿ ಹೊಸ ನೀಲಿ ಅಂಗಿ ಹಾಕಿಕೊಂಡು ಕೂತಿದ್ದಳು. ಅವಳಿಗೆ ಮಾತಾಡಲು ಹಿಂದಿನ ದಿನವಷ್ಟೇ ಅನುಮತಿ ಸಿಕ್ಕಿತ್ತು. ಮುಗಿದ ಆಲ್ಬಮನ್ನು ಅವಳೂ ಕೇಳಿರಲಿಲ್ಲ. ನೀನು ಹಾಡಿದ್ದರಲ್ಲೇ ಒಳ್ಳೊಳ್ಳೆಯ ತುಂಡು ಆರಿಸಿ ಜೋಡಿಸಿದ್ದೇನೆ ಎಂದು ರೇಜಿಸ್ ಹೇಳಿದ್ದನಂತೆ. ನನ್ನನ್ನು ಕಂಡು ಕೈ ಬೀಸಿ, ಎದೆ ಮೇಲೆ ಕೈ ಇಟ್ಟು, ಹೆದರಿಕೆ ಆಗ್ತಿದೆ ಎಂದು ಸನ್ನೆ ಮಾಡಿದಳು.

ಮೊದಲ ಹಾಡು ಅವಳದೇ. ತಲೆ ತೂಗುತ್ತಾ ಕೇಳಿದಳು. ಎರಡನೆಯದು ನನ್ನದು.

ಮೂವತ್ತೆರಡು ವರ್ಷ ನಾನು ಕಣ್ಣು ಮುಚ್ಚಿದಾಗಲೆಲ್ಲ ಈ ಗಳಿಗೆಯ ರೇಜಿಸ್‌ನ ಮುಖ ಕಾಣುತ್ತಿತ್ತು. ಆದರೆ ಆ ದಿನ ನಾನು ನೋಡಿದ್ದು ಹುಡುಗಿಯ ಮುಖ. ನಗು ಹಾಗೇ ಇತ್ತು, ಕಣ್ಣು ಮಾತ್ರ ಅತ್ತಿತ್ತ ಹುಡುಕಿತು. ತಾನು ಬರೆದ ಪದ, ತನ್ನ ಅಪ್ಪನ ರಾತ್ರಿ ಪಾಳಿ, ತನ್ನ ಮನೆಯ ಮೆಟ್ಟಿಲು ಯಾರದೋ ಬಾಯಿಂದ ಬರುತ್ತಿತ್ತು. ಆಮೇಲೆ ರೇಜಿಸ್ ಕಡೆ ಬಗ್ಗಿ, "ಇದು ನಾನಲ್ಲ" ಎಂದಳು. ನಾನು ಎರಡನೇ ಸಾಲಿನಲ್ಲಿದ್ದೆ, ಸ್ಪಷ್ಟವಾಗಿ ಕೇಳಿಸಿತು. ಅವನು ಅವಳ ಕೈ ತಟ್ಟಿ, ದೊಡ್ಡ ಸ್ಪೀಕರಿನಲ್ಲಿ ಹಾಗೇ ಕೇಳಿಸುತ್ತದೆ ಚಿನ್ನ, ನಗ್ತಾ ಇರು, ಎಲ್ಲರೂ ನೋಡ್ತಿದ್ದಾರೆ ಎಂದ.

ಆಗಲೂ ನನಗೆ ದಾರಿ ಇತ್ತು. ಅವಳನ್ನು ಹೊರಗೆ ಕರೆದು, ಹಾಳೆ ಕೈಗೆ ಕೊಟ್ಟು, ಏನು ಮಾಡುತ್ತೀಯೋ ಮಾಡು ಎನ್ನಬಹುದಿತ್ತು. ಹೊಳೆಯಲಿಲ್ಲ ಎಂದಲ್ಲ, ಹೊಳೆಯಿತು. ಹಾಗೆ ಮಾಡಿದರೆ ಅವನ ಮಾನ ಮೂವತ್ತು ಜನರ ಎದುರು ಹೋಗುವುದಿಲ್ಲವಲ್ಲ ಎಂದು ಎದ್ದು ನಿಂತೆ.

ಹಾಡು ನಿಲ್ಲಿಸಿ ಎಂದೆ. ಬಸ್ತ್ಯಾಂ ತಕ್ಷಣ ನಿಲ್ಲಿಸಿದ. ಹಾಳೆ ಬಿಡಿಸಿ ಏಳು ಹಾಡಿನ ಹೆಸರನ್ನೂ, ಅವುಗಳ ಮುಂದೆ ನಾನು ಬರೆದದ್ದನ್ನೂ, ಕೆಳಗಿನ ರೇಜಿಸ್ ವೋಕೂರ್‌ನ ಸಹಿಯನ್ನೂ ಓದಿದೆ. ನಂಬದವರಿಗಾಗಿ ಆ ಎರಡನೇ ಹಾಡಿನ ಪಲ್ಲವಿಯನ್ನು ಅಲ್ಲೇ, ವಾದ್ಯವಿಲ್ಲದೆ, ಅದೇ ಶ್ರುತಿಯಲ್ಲಿ ಹಾಡಿದೆ. ಕೆಲವರು ಫೋನ್ ಎತ್ತಿ ಹಿಡಿದರು. ಆಮೇಲೆ ಸಿಬಿಲ್‌ಳ ಆಲ್ಬಮ್ಮಿನ ಹತ್ತು ಹಾಡಿನ ದನಿಯೂ ನನ್ನದೇ ಎಂದೆ, ಅಮ್ಮನ ಹೆಸರನ್ನೂ ಅವಳಿಗೆ ಆದದ್ದನ್ನೂ ಹೇಳಿದೆ.

ರೇಜಿಸ್ ಮುಖ ಬೂದಿಯಾಗಿತ್ತು. ನನ್ನನ್ನೇ ನೋಡಿದ. ನಿಜವಾಗಿ ನೆನಪು ಮಾಡಿಕೊಳ್ಳಲು ಒದ್ದಾಡುತ್ತಿದ್ದ.

"ಆ ವರ್ಷ ಎಷ್ಟೋ ಹುಡುಗೀರು ಬಂದು ಹೋದ್ರು" ಎಂದ. "ನೀವು ಅವರಲ್ಲಿ ಯಾರು?"

ಸೋಲಿಸಿದ್ದು ನಾನೇ. ಆದರೆ ಸೋತವನಿಗೆ ನನ್ನ ಗುರುತೇ ಇರಲಿಲ್ಲ. ಅಮ್ಮ ಹನ್ನೊಂದು ವರ್ಷ ಶೆಡ್ಡಿನಲ್ಲಿ ಉಂಡಳು, ಇವನ ತಲೆಯಲ್ಲಿ ನಮಗೆ ಒಂದು ಮೂಲೆಯೂ ಇರಲಿಲ್ಲ. ಕ್ಷಮೆ ಕೇಳಬೇಕಾದವನಿಗೆ ಯಾರನ್ನು ಕೇಳಬೇಕೆಂದೇ ಗೊತ್ತಿಲ್ಲ. ನಾನು ಚೀಲ ಎತ್ತಿಕೊಂಡು ಹೊರಗೆ ಬಂದೆ.

ಮೆಟ್ಟಿಲಿನ ಮೇಲೆ ಪೆರಿನ್ ನನ್ನನ್ನು ಹಿಡಿದಳು. ಅಳುತ್ತಿರಲಿಲ್ಲ.

"ಮೊದಲನೇ ದಿನ ಶ್ರುತಿ ಇಟ್ಟಿದ್ದು ಯಾರು?"

ನಾನು ಚೀಲವನ್ನು ಹೆಗಲಿಗೆ ಏರಿಸಿಕೊಂಡೆ.

"ಬಸ್ತ್ಯಾಂನ ಕೇಳ್ದೆ ಈಗ. ನೀವಂತೆ. ನಾನು ಯಾವ ಶ್ರುತೀಲಿ ಹಾಡ್ತೀನಿ ಅಂತ ನಿಮಗೆ ಗೊತ್ತಿತ್ತಂತೆ."

"ಪುಟ್ಟಿ, ಅವನು ನಂಗೇನ್ ಮಾಡ್ದ ಅಂತ ನಿಂಗೆ ಗೊತ್ತಿಲ್ಲ."

"ಈಗ ತಾನೇ ಹೇಳಿದ್ರಲ್ಲ ಎಲ್ಲರೆದುರು, ಕೇಳಿಸ್ಕೊಂಡೆ. ನಿಮ್ಮಮ್ಮನಿಗೆ ಆಗಿದ್ದು ಕೇಳಿ ಹೊಟ್ಟೆ ಉರೀತು. ಆದ್ರೆ ಅವನು ನನ್ನ ಹತ್ರ ಯಾವತ್ತೂ ಪ್ರೀತಿ ಇದ್ದವನ ಥರ ಇರ್ಲಿಲ್ಲ ಮೇಡಂ. ನೀವು ಇದ್ರಿ. ನನ್ನ ಗಂಟಲೇ ಸರಿ ಇಲ್ಲ ಅಂತ ಐದು ವಾರ ನಂಬಿದ್ದೆ ನಾನು."

ಏನೋ ಹೇಳಲು ಹೋದೆ. ಅವಳು ಕೈ ಅಡ್ಡ ಹಿಡಿದಳು.

"ನಿಮ್ಮ ಮೇಲೆ ಒಂದು ಹಾಡು ಬರೀತೀನಿ. ಹೆಸರು ಹಾಕಲ್ಲ. ಅದು ನಿಮ್ಮದು ಅಂತ ನಿಮಗೊಬ್ರಿಗೇ ಗೊತ್ತಿರುತ್ತೆ."

ಮೂರು ಮೂರು ಮೆಟ್ಟಿಲು ಹಾರಿ ಇಳಿದುಹೋದಳು.

ಸಂಜೆಯೊಳಗೆ ನನ್ನ ಹೆಸರು ಎಲ್ಲ ಕಡೆ ಓಡಿತು. ಕಂಪನಿ ಬಿಡುಗಡೆ ನಿಲ್ಲಿಸಿತು, ರೇಜಿಸ್‌ನನ್ನು ಕೈಬಿಟ್ಟಿತು. ವಾರದ ಮೇಲೆ ಸಿಬಿಲ್ ಕೂಡ ಬಾಯಿಬಿಟ್ಟಳು: ಹೌದು, ಆ ಆಲ್ಬಂ ನಾನು ಹಾಡಿದ್ದಲ್ಲ. ನಾನು ಅಚ್ಚಾದದ್ದನ್ನೆಲ್ಲ ಕತ್ತರಿಸಿ ಊರಿನ ಕಾರ್ಖಾನೆಗೆ, ಊಟದ ಕೋಣೆಯ ಗೋಡೆಗೆ ಅಂಟಿಸಿ ಎಂದು ಬರೆದು ಅಂಚೆಯಲ್ಲಿ ಕಳಿಸಿದೆ. ಅಮ್ಮನನ್ನು ನೋಡಿ ನಕ್ಕವರು ಈಗ ಯಾರೂ ಇಲ್ಲಿ ಕೆಲಸದಲ್ಲಿಲ್ಲ, ಆದರೂ ಅಂಟಿಸಿದ್ದೇವೆ ಎಂದು ಮೇಲ್ವಿಚಾರಕಿ ಉತ್ತರ ಬರೆದಳು. ರೇಜಿಸ್ ವಿಷಯದಲ್ಲಿ ನನಗೆ ಇವತ್ತಿಗೂ ಕರುಣೆ ಇಲ್ಲ. ನಾಳೆ ಬೇಕಾದರೂ ಅವನಿಗೆ ಅದನ್ನೇ ಮಾಡುತ್ತೇನೆ.

ಪೆರಿನ್‌ಳ 'ಒಂಬತ್ತನೇ ಮಹಡಿ' ಏಪ್ರಿಲಿನಲ್ಲಿ ಬಂತು. ರೂಬೇಯ ಯಾವುದೋ ಸಣ್ಣ ಸ್ಟುಡಿಯೋದಲ್ಲಿ ಬಸ್ತ್ಯಾಂ ಕೂತು ಮಾಡಿಕೊಟ್ಟಿದ್ದ. ಅದೇ ಹನ್ನೊಂದು ಹಾಡು, ಎರಡೂವರೆ ಮನೆ ಕೆಳಗೆ, ಅವಳದೇ ಒರಟು ದನಿಯಲ್ಲಿ. ನಾನು ಹಾಡಿದ್ದಕ್ಕಿಂತ ಚೆನ್ನಾಗಿವೆ. ಕೊನೆಯಲ್ಲಿ ಹನ್ನೆರಡನೆಯದೊಂದು ಹೊಸದು. ಪಕ್ಕದಲ್ಲಿ ಕೂತು ಬೆನ್ನು ಸವರಿದವರೇ, ನಿಮ್ಮ ಸೇಡಿಗೆ ನನ್ನ ಗಂಟಲೇ ಬೇಕಿತ್ತೇ ಎಂದು ಶುರುವಾಗುತ್ತದೆ. ಒಂದು ಕಡೆಯೂ ಬೈಗುಳವಿಲ್ಲ, ಕೂಗಿಲ್ಲ. ಈ ಬೇಸಿಗೆಯಲ್ಲಿ ದೇಶವಿಡೀ ಹಾಡುತ್ತಿರುವುದು ಅದನ್ನೇ. ಇದು ರೇಜಿಸ್ ವೋಕೂರ್ ಮೇಲೆ ಬರೆದದ್ದು ಎಂದು ಪತ್ರಿಕೆಗಳೆಲ್ಲ ಬರೆದವು. ಸಂದರ್ಶನಗಳಲ್ಲಿ ಕೇಳಿದರೆ ಅವಳು ಹೌದೂ ಅನ್ನುವುದಿಲ್ಲ, ಅಲ್ಲ ಅಂತಲೂ ಅನ್ನುವುದಿಲ್ಲ.

ನಮ್ಮ ಬೀದಿಯ ಬೇಕರಿಯವಳಿಗೆ ನನ್ನ ಮೇಲೆ ಈಗ ಬಲು ಅಭಿಮಾನ, ಗಿರಾಕಿಗಳಿಗೆಲ್ಲ ನನ್ನನ್ನು ತೋರಿಸುತ್ತಾಳೆ. ನಿನ್ನೆ ಬೆಳಗ್ಗೆ ಅಂಗಡಿಯ ರೇಡಿಯೋದಲ್ಲಿ ಅದೇ ಹಾಡು ಬರುತ್ತಿತ್ತು. ಸಾಲಿನಲ್ಲಿ ನಿಂತಿದ್ದ ನಾಲ್ಕೈದು ಜನ ಗುನುಗುತ್ತಿದ್ದರು.

"ಆ ಮುದುಕನಿಗೆ ಹುಡುಗಿ ಸರಿಯಾಗಿ ಕೊಟ್ಲು, ಅಲ್ವಾ ಮೇಡಂ?" ಎಂದಳು ಬೇಕರಿಯವಳು. "ನಿಮಗೂ ಹೊಟ್ಟೆ ತಣ್ಣಗಾಗಿರ್ಬೇಕು."

ಒಂದು ಹಾಡು ಕೇಳಿ, ಓ ಇದು ಆರ್ಮೆಲ್‌ಳದು ಎಂದು ನಾಲ್ಕು ಜನ ಹೇಳಲಿ ಎಂದು ನಾನು ಜೀವಮಾನವಿಡೀ ಕಾದಿದ್ದೆ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಹೌದು" ಎಂದೆ. "ಅವನ ಮೇಲೇ ಬರೆದಿದ್ದು."

ಅವಳು ಬ್ರೆಡ್ಡಿನ ಜೊತೆ ಒಂದು ಕ್ರೋಸಾಂ ಹೆಚ್ಚಿಗೆ ಹಾಕಿ ಕೊಟ್ಟಳು. ಅದನ್ನೂ ತೆಗೆದುಕೊಂಡು ಬಂದೆ.